ಕಾನ್‌ನಿಂದ ಬರುವ ಮೊದಲ ಮಾತುಗಳನ್ನು ಎಷ್ಟು ನಂಬಬೇಕು?

ಮೇ ತಿಂಗಳ ನಡುವಿಗೆ ಬರುತ್ತಿದ್ದಂತೆ ಶುರುವಾಗುತ್ತದೆ: ಇಂಥ ಸಿನಿಮಾಕ್ಕೆ ಎಂಟು ನಿಮಿಷ ಚಪ್ಪಾಳೆ, ಇನ್ನೊಂದಕ್ಕೆ ಹನ್ನೊಂದು ನಿಮಿಷ. ನಮ್ಮ ಪತ್ರಿಕೆಗಳ ಸಿನಿಮಾ ಪುಟದಲ್ಲೂ ಅದೇ ಸುದ್ದಿ. ಫ್ರಾನ್ಸಿನ ಕಾನ್ ಚಿತ್ರೋತ್ಸವದಿಂದ ಬರುವ ಮಾಹಿತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡುವುದು ಇದು. ಎಲ್ಲಕ್ಕಿಂತ ಕಡಿಮೆ ಬೆಲೆಯದ್ದೂ ಇದೇ.

ಆ ಚಪ್ಪಾಳೆ ಹೇಗೆ ಬೀಳುತ್ತದೆ ಎಂದು ತಿಳಿದರೆ ಸಾಕು. ಸ್ಪರ್ಧೆಯಲ್ಲಿರುವ ಸಿನಿಮಾಗಳ ಮುಖ್ಯ ಪ್ರದರ್ಶನ ನಡೆಯುವುದು ಉತ್ಸವದ ಕೇಂದ್ರವಾದ ಪಾಲೇ ಕಟ್ಟಡದ ಲೂಮಿಯೇರ್ ಸಭಾಂಗಣದಲ್ಲಿ. ಸುಮಾರು 2,300 ಆಸನ. ಸಂಜೆಯ ಆಟಕ್ಕೆ ಬರುವವರಲ್ಲಿ ಆಹ್ವಾನಿತರು, ನಿರ್ಮಾಪಕರ ಕಡೆಯವರು, ಪ್ರಾಯೋಜಕರು, ಚಿತ್ರೋದ್ಯಮದವರೇ ಹೆಚ್ಚು. ನಿರ್ದೇಶಕರೂ ನಟನಟಿಯರೂ ಅದೇ ಸಭಾಂಗಣದಲ್ಲಿ ಕೂತಿರುತ್ತಾರೆ. ಹೆಸರುಗಳು ಓಡಿ ಮುಗಿದು ದೀಪ ಹತ್ತಿದೊಡನೆ ಕ್ಯಾಮೆರಾದವನೊಬ್ಬ ಅವರ ಮುಂದೆ ಬಂದು ನಿಲ್ಲುತ್ತಾನೆ. ಒಬ್ಬೊಬ್ಬರ ಮುಖವೂ ದೊಡ್ಡ ಪರದೆಯ ಮೇಲೆ ಬರುತ್ತದೆ. ಚಿತ್ರತಂಡ ಎದ್ದು ನಿಂತಿರುವಾಗ ಉಳಿದವರು ಕೂತಿರುವುದಾದರೂ ಹೇಗೆ? ಸನ್ಮಾನ ಸಮಾರಂಭದಲ್ಲಿ ಹಾರ ಹಾಕಿ ಮುಗಿಯುವವರೆಗೆ ಬೀಳುವ ಚಪ್ಪಾಳೆಯಂಥದ್ದೇ ಇದು. ಎಷ್ಟು ನಿಮಿಷ ಎಂಬುದು ನಿಂತಿರುವುದು ತಂಡದಲ್ಲಿ ಎಷ್ಟು ಜನರಿದ್ದಾರೆ, ನಿರ್ದೇಶಕರ ಕೈಗೆ ಮೈಕು ಬಂತೇ, ರಾತ್ರಿ ಎಷ್ಟು ಹೊತ್ತಾಗಿದೆ ಎಂಬುದರ ಮೇಲೆ. ಒಂದೇ ಸಿನಿಮಾಕ್ಕೆ ಎರಡು ಪತ್ರಿಕೆಗಳು ಎರಡು ಲೆಕ್ಕ ಕೊಡುತ್ತವೆ. ಒಬ್ಬರು ಹೆಸರು ಓಡುವಾಗಲೇ ಗಡಿಯಾರ ಒತ್ತಿರುತ್ತಾರೆ, ಇನ್ನೊಬ್ಬರು ದೀಪ ಹತ್ತಿದ ಮೇಲೆ. 2006ರಲ್ಲಿ ಗಿಯೆರ್ಮೋ ದೆಲ್ ತೋರೋ ಅವರ ‘ಪ್ಯಾನ್ಸ್ ಲ್ಯಾಬಿರಿಂತ್’ಗೆ 22 ನಿಮಿಷ ಚಪ್ಪಾಳೆ ಬಿತ್ತು ಎನ್ನುವುದು ಈಗಲೂ ದಾಖಲೆಯಾಗಿ ಓಡುತ್ತಿದೆ. ಆ ವರ್ಷ ತೀರ್ಪುಗಾರರು ಅದಕ್ಕೆ ಒಂದು ಪ್ರಶಸ್ತಿಯನ್ನೂ ಕೊಡಲಿಲ್ಲ.

ಇನ್ನೊಂದು ಮಾತು. ಆ ಚಪ್ಪಾಳೆಯ ಹೊತ್ತಿಗೆ ಹೆಚ್ಚಿನ ವಿಮರ್ಶಕರು ಆ ಸಭಾಂಗಣದಲ್ಲಿ ಇರುವುದೇ ಇಲ್ಲ. ಅವರು ಪಕ್ಕದ ಡೆಬ್ಯುಸಿ ಸಭಾಂಗಣದಲ್ಲಿ, ಸುಮಾರು ಸಾವಿರ ಆಸನಗಳ ನಡುವೆ, ಚಿತ್ರತಂಡದ ಮುಲಾಜಿಲ್ಲದೆ ಅದೇ ಸಿನಿಮಾ ನೋಡುತ್ತಿರುತ್ತಾರೆ. ದೀಪ ಆರಿದಾಗ ಕತ್ತಲಲ್ಲಿ ಯಾರಾದರೂ ಒಬ್ಬರು ‘ರಾವುಲ್!’ ಎಂದು ಕೂಗುವುದು ಅಲ್ಲಿನ ಹಳೆಯ ವಾಡಿಕೆ. ಮುಂದಿನ ಎರಡು ಗಂಟೆಯಲ್ಲಿ ಪಟಪಟನೆ ಮಡಚಿಕೊಳ್ಳುವ ಕುರ್ಚಿಗಳ ಸದ್ದೇ ಮೊದಲ ವಿಮರ್ಶೆ.

ಈ ಎರಡು ಸಭಾಂಗಣಗಳ ವೇಳಾಪಟ್ಟಿ 2018ರಲ್ಲಿ ಬದಲಾಯಿತು, ಮತ್ತು ನಾವು ಓದುವ ವಿಮರ್ಶೆಯ ಗುಣವೂ ಅದರೊಂದಿಗೆ ಬದಲಾಯಿತು. ಅದಕ್ಕೆ ಮೊದಲು ಪತ್ರಕರ್ತರು ಹಿಂದಿನ ಸಂಜೆಯೋ ಅಂದಿನ ಬೆಳಗ್ಗೆ ಎಂಟೂವರೆಗೋ ಸಿನಿಮಾ ನೋಡಿಬಿಡುತ್ತಿದ್ದರು. ತಂಡ ಕೆಂಪು ಹಾಸಿನ ಮೇಲೆ ಕಾಲಿಡುವಷ್ಟರಲ್ಲಿ ಮೊದಲ ಬೈಗುಳಗಳು ಟ್ವಿಟರ್‌ನಲ್ಲಿ ಹರಿದಾಡಿರುತ್ತಿದ್ದವು. 2016ರಲ್ಲಿ ಶಾನ್ ಪೆನ್ ಅವರ ‘ದ ಲಾಸ್ಟ್ ಫೇಸ್’ ತಂಡ ಹಾಗೆ ಗೇಲಿಯ ನಡುವೆಯೇ ಮೆಟ್ಟಿಲು ಹತ್ತಬೇಕಾಯಿತು. ಉತ್ಸವದ ನಿರ್ದೇಶಕ ಥಿಯೆರಿ ಫ್ರೆಮೋ ಆ ವ್ಯವಸ್ಥೆಯನ್ನೇ ತೆಗೆದುಹಾಕಿದರು. ಈಗ ಪತ್ರಕರ್ತರ ಆಟ ಮುಖ್ಯ ಪ್ರದರ್ಶನದ ಜೊತೆಜೊತೆಗೆ ಅಥವಾ ಅದು ಮುಗಿದ ನಂತರ. ನಟನಟಿಯರಿಗೆ ಇದರಿಂದ ಒಳ್ಳೆಯದಾಯಿತು. ಓದುಗರಿಗೆ ಆಗಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ಶುರುವಾದ ಎರಡೂವರೆ ಗಂಟೆಯ ಸಿನಿಮಾ ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಬರಹ ಮಾತ್ರ ಬೆಳಗಾಗುವಷ್ಟರಲ್ಲಿ ಬರಲೇಬೇಕು. ಮೊದಲಾದರೆ ನೋಡಿದ್ದಕ್ಕೂ ಬರೆದದ್ದಕ್ಕೂ ನಡುವೆ ಅರ್ಧ ದಿನ ಇರುತ್ತಿತ್ತು, ಈಗ ಒಂದು ಕಾಫಿಯಷ್ಟು ಹೊತ್ತೂ ಇಲ್ಲ. ಕೆಲವು ಸಿನಿಮಾಗಳನ್ನು ದೊಡ್ಡ ಪತ್ರಿಕೆಗಳವರಿಗೆ ಮೊದಲೇ ತೋರಿಸಿರುವುದೂ ಉಂಟು. ಹಾಗಾಗಿ ಪ್ರದರ್ಶನ ಮುಗಿದ ಗಳಿಗೆಯಲ್ಲೇ ಒಂದು ಸಾವಿರ ಪದದ ಚೊಕ್ಕ ಬರಹ ಬಂದಿದ್ದರೆ ಅದನ್ನು ಆತುರದ್ದೆಂದು ತಳ್ಳಿಹಾಕಬೇಕಿಲ್ಲ. ಬಂದ ಸಮಯವನ್ನೂ ಬರಹದ ಉದ್ದವನ್ನೂ ಜೊತೆಗಿಟ್ಟು ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಆತುರದ ಬರಹ ಬೇರೆ ರೀತಿಯಲ್ಲೂ ಸಿಕ್ಕಿಬೀಳುತ್ತದೆ. ನಾಲ್ಕು ಪ್ಯಾರಾಗಳಲ್ಲಿ ಮೂರು ಬರೀ ಕಥೆಯ ಸಾರ, ಅದರ ವಾಕ್ಯಗಳು ಪತ್ರಿಕಾ ಪ್ರಕಟಣೆಯಂತೆ ಸಪಾಟು, ಕೊನೆಯ ಪ್ಯಾರಾದಲ್ಲಿ ಮಾತ್ರ ಅಭಿಪ್ರಾಯ. ಒಂದೇ ಒಂದು ಶಾಟ್‌ನ ವಿವರವಿಲ್ಲ, ಶಬ್ದದ ಬಗ್ಗೆ ಮಾತಿಲ್ಲ. ಇಂಥದ್ದರಲ್ಲಿ ‘ಮೇರುಕೃತಿ’ ಎಂದಿದ್ದರೂ ಒಂದೇ, ‘ನಿರಾಶೆ’ ಎಂದಿದ್ದರೂ ಒಂದೇ.

ಸೀಟು ಸಿಗುವ ಬಗೆಯೂ ಅಭಿಪ್ರಾಯದ ಮೇಲೆ ಕೆಲಸ ಮಾಡುತ್ತದೆ. ಪತ್ರಕರ್ತರ ಬ್ಯಾಡ್ಜ್‌ಗಳಿಗೆ ಬಣ್ಣದ ಏಣಿಯಿದೆ: ಮೇಲೆ ಬಿಳಿ, ಆಮೇಲೆ ಚುಕ್ಕೆಯಿರುವ ಗುಲಾಬಿ, ಬರೀ ಗುಲಾಬಿ, ನೀಲಿ, ಕೆಳಗೆ ಹಳದಿ. ದೊಡ್ಡ ದಿನಪತ್ರಿಕೆಯ ಹಿರಿಯನಿಗೆ ಬಿಳಿ, ಹೊಸಬರಿಗೂ ಸಣ್ಣ ತಾಣಗಳಿಗೂ ಹಳದಿ. ಕೋವಿಡ್‌ಗೆ ಮುಂಚೆ ಇದು ಬಿಸಿಲಲ್ಲೋ ಮಳೆಯಲ್ಲೋ ನಿಲ್ಲುವ ಸಾಲಿನ ಲೆಕ್ಕವಾಗಿತ್ತು. 2021ರಿಂದ ಟಿಕೆಟ್ ಆನ್‌ಲೈನ್ ಆಯಿತು; ನಾಲ್ಕು ದಿನ ಮುಂಚೆ ಬೆಳಗ್ಗೆ ಏಳಕ್ಕೆ ಬುಕಿಂಗ್ ತೆರೆಯುತ್ತದೆ. ನಡುರಾತ್ರಿ ಸಿನಿಮಾ ಮುಗಿಸಿ, ಬರೆದು, ಎರಡು ಮೂರು ಗಂಟೆ ಮಲಗಿ ಏಳಕ್ಕೆ ಫೋನ್ ಹಿಡಿದು ಕೂರದಿದ್ದರೆ ಹೆಸರುಳ್ಳ ಸಿನಿಮಾಗಳು ಕೈತಪ್ಪುತ್ತವೆ. ಆಮೇಲೆ ಉಳಿಯುವುದು ಕೊನೆಗಳಿಗೆಯ ಸಾಲು. ಹೀಗೆ ಹನ್ನೆರಡು ದಿನ, ದಿನಕ್ಕೆ ಮೂರು, ನಾಲ್ಕು, ಕೆಲವೊಮ್ಮೆ ಐದು ಸಿನಿಮಾ. ‘ಇಪ್ಪತ್ತು ನಿಮಿಷ ಕತ್ತರಿಸಬಹುದಿತ್ತು’ ಎಂಬ ದೂರು ಕಾನ್‌ನ ಎರಡನೇ ವಾರದಲ್ಲಿ ದಿಢೀರನೆ ಹೆಚ್ಚುವುದಕ್ಕೆ ಸಿನಿಮಾಗಳೊಂದೇ ಕಾರಣವಲ್ಲ. ನಿಧಾನಗತಿಯ ಚಿತ್ರಕ್ಕೆ ಇದು ಪೆಟ್ಟು, ನಗಿಸುವ ಚಿತ್ರಕ್ಕೆ ಲಾಭ. ಮಾರೆನ್ ಆಡೆ ಅವರ ‘ಟೋನಿ ಎರ್ಡ್‌ಮನ್’ 2016ರಲ್ಲಿ ಪತ್ರಕರ್ತರ ಆಟದ ನಡುವೆಯೇ, ಅದರ ಹಾಡಿನ ದೃಶ್ಯಕ್ಕೆ, ಚಪ್ಪಾಳೆ ಗಿಟ್ಟಿಸಿತು. ಸಿನಿಮಾ ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ಗಂಭೀರ ಮುಖಗಳ ಸಾಲಿನ ನಡುವೆ ಎರಡೂ ಮುಕ್ಕಾಲು ಗಂಟೆ ನಗಿಸುವ ಒಂದು ಚಿತ್ರ ಬಂದಾಗ ಸಾವಿರ ದಣಿದ ಜನ ಕೃತಜ್ಞರಾಗಿಯೂ ಇರುತ್ತಾರೆ.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಪರದೆಯಲ್ಲಿ ಮೂಲ ಭಾಷೆ. ಅದರ ಜೊತೆ ಫ್ರೆಂಚ್ ಮತ್ತು ಇಂಗ್ಲಿಷ್ ಸಬ್‌ಟೈಟಲ್, ಒಂದು ಚಿತ್ರದ ಮೇಲೆ, ಇನ್ನೊಂದು ಪರದೆಯ ಕೆಳಗಿನ ಪಟ್ಟಿಯಲ್ಲಿ. ಮಲಯಾಳಂ, ಕೊರಿಯನ್ ಅಥವಾ ಫಾರ್ಸಿ ಸಿನಿಮಾದ ಮಾತಿನ ಬಗ್ಗೆ ಬರೆದವರಲ್ಲಿ ಬಹುಪಾಲು ಜನ ಆ ಮಾತನ್ನು ಕೇಳಿಲ್ಲ, ಓದಿದ್ದಾರೆ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ನಲ್ಲಿ ಮುಂಬೈನ ಮಲಯಾಳಿ ನರ್ಸ್‌ಗಳು ತಮ್ಮತಮ್ಮಲ್ಲಿ ಮಲಯಾಳಂ ಆಡುತ್ತಾರೆ, ಹೊರಗೆ ಹಿಂದಿ, ಸುತ್ತ ಮರಾಠಿ. ಯಾವ ಭಾಷೆಯಿಂದ ಯಾವುದಕ್ಕೆ, ಯಾರ ಮುಂದೆ ಜಾರಿದರು ಎನ್ನುವುದರಲ್ಲೇ ಅರ್ಧ ಕಥೆಯಿದೆ. ಕಾನ್‌ನ ಮೊದಲ ವಿಮರ್ಶೆಗಳು ಬೆಳಕು, ಮಳೆ, ನಗರದ ರಾತ್ರಿಯನ್ನು ಹೊಗಳಿದ್ದು ಸಹಜ. ಅವರ ಕಣ್ಣಿಗೆ ಸಿಕ್ಕಿದ್ದು ಅದು. ನಮ್ಮಲ್ಲಿ ಮಾತು ಬೇರೆ ಕಡೆಗೆ ಹೋದರೆ ಅದರಲ್ಲಿ ವಿರೋಧವೇನಿಲ್ಲ.

ಇನ್ನು ಬೂ ಎಂದು ಕೂಗುವ ಸಂಪ್ರದಾಯ. ಚಪ್ಪಾಳೆಗಿಂತ ಇದು ಪ್ರಾಮಾಣಿಕ ಎಂದು ಅನೇಕರು ನಂಬುತ್ತಾರೆ. ಯಾರ ಮೇಲಿನ ಸಿಟ್ಟು ಎಂದು ವಿಚಾರಿಸದೆ ನಂಬುವಂತಿಲ್ಲ. 2017ರಲ್ಲಿ ಬೋಂಗ್ ಜೂನ್ ಹೋ ಅವರ ‘ಒಕ್ಜಾ’ದ ಪತ್ರಕರ್ತರ ಆಟದಲ್ಲಿ ನೆಟ್‌ಫ್ಲಿಕ್ಸ್ ಹೆಸರು ಬಂದಾಗಲೇ ಕೂಗು ಎದ್ದಿತು. ಚಿತ್ರಮಂದಿರಕ್ಕೆ ಬಾರದ ಸಿನಿಮಾಗಳಿಗೆ ಸ್ಪರ್ಧೆಯಲ್ಲಿ ಜಾಗವೇಕೆ ಎಂಬ ಜಗಳ ಅದು. ಸಿನಿಮಾ ಶುರುವಾದ ಮೇಲೂ ಕೂಗು ನಿಲ್ಲಲಿಲ್ಲ. ಏಕೆಂದರೆ ಪರದೆಯ ಚೌಕಟ್ಟು ತಪ್ಪಾಗಿ ಹೊಂದಿಕೊಂಡು ಚಿತ್ರದ ಮೇಲ್ಭಾಗ ಕತ್ತರಿಸಿ ಹೋಗಿತ್ತು. ಪ್ರದರ್ಶನ ನಿಲ್ಲಿಸಿ ಮೊದಲಿಂದ ಶುರುಮಾಡಿ, ಉತ್ಸವವೇ ಕ್ಷಮೆ ಕೇಳಿತು. ದೂರದ ಊರುಗಳ ಸುದ್ದಿಯಲ್ಲಿ ಉಳಿದದ್ದು ‘ಒಕ್ಜಾಗೆ ಬೂ’ ಎನ್ನುವಷ್ಟೇ. ಮುಂದಿನ ವರ್ಷದಿಂದ ಫ್ರಾನ್ಸಿನ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗದ ಚಿತ್ರಕ್ಕೆ ಸ್ಪರ್ಧೆಯ ಬಾಗಿಲು ಮುಚ್ಚಿತು, ನೆಟ್‌ಫ್ಲಿಕ್ಸ್ ತನ್ನ ಸಿನಿಮಾಗಳನ್ನು ಹಿಂತೆಗೆದುಕೊಂಡಿತು.

ನಿಜವಾಗಿಯೂ ಸಿನಿಮಾದ ಮೇಲೆಯೇ ಬಿದ್ದ ಕೂಗುಗಳ ಕಥೆ ಬೇರೆ. 1960ರಲ್ಲಿ ಆಂತೋನಿಯೋನಿ ಅವರ ‘ಲಾವೆಂತೂರಾ’ಗೆ ಪ್ರೇಕ್ಷಕರು ನಕ್ಕರು, ಕೂಗಿದರು. ಕಾಣೆಯಾದ ಹೆಣ್ಣನ್ನು ಹುಡುಕುವ ಕಥೆ ಹುಡುಕಾಟವನ್ನೇ ಮರೆತುಬಿಡುತ್ತದೆ ಎನ್ನುವುದು ಅವರ ಸಿಟ್ಟು. ಮರುದಿನವೇ ರೊಸೆಲ್ಲಿನಿ ಸೇರಿದಂತೆ ಹಲವು ನಿರ್ದೇಶಕರೂ ವಿಮರ್ಶಕರೂ ಸಹಿ ಹಾಕಿದ ಬೆಂಬಲದ ಪತ್ರ ಹೊರಬಂತು, ತೀರ್ಪುಗಾರರು ವಿಶೇಷ ಬಹುಮಾನ ಕೊಟ್ಟರು. ಎರಡೇ ವರ್ಷದ ನಂತರ, 1962ರಲ್ಲಿ, ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ ವಿಮರ್ಶಕರನ್ನು ಕೇಳಿ ಮಾಡಿದ ಸಾರ್ವಕಾಲಿಕ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನದಲ್ಲಿತ್ತು. ‘ಟ್ಯಾಕ್ಸಿ ಡ್ರೈವರ್’ (1976), ‘ದ ಟ್ರೀ ಆಫ್ ಲೈಫ್’ (2011) ಎರಡಕ್ಕೂ ಕೂಗು ಬಿತ್ತು, ಎರಡಕ್ಕೂ ಕಾನ್‌ನ ಅತಿ ದೊಡ್ಡ ಬಹುಮಾನವಾದ ಪಾಮ್ ದೋರ್ ಬಂತು. ಕೂಗು ಬಿದ್ದದ್ದೆಲ್ಲ ಮಹಾಕೃತಿ ಎನ್ನುವ ಹುಚ್ಚು ತರ್ಕಕ್ಕೆ ಮಾತ್ರ ಬೀಳಬಾರದು. ಕೂಗು ತಿಂದ ಬಹಳಷ್ಟು ಸಿನಿಮಾಗಳು ನಿಜಕ್ಕೂ ಕೆಟ್ಟವೇ, ಅವುಗಳ ಹೆಸರು ಯಾರಿಗೂ ನೆನಪಿಲ್ಲ ಅಷ್ಟೇ.

ಅಂಕಪಟ್ಟಿಯ ವಿಷಯಕ್ಕೆ ಬರೋಣ. ಹೆಚ್ಚು ಮೋಸಹೋಗುವುದು ಇಲ್ಲೇ. ‘ಸ್ಕ್ರೀನ್ ಇಂಟರ್‌ನ್ಯಾಷನಲ್’ ಉತ್ಸವದ ಪ್ರತಿದಿನದ ಸಂಚಿಕೆಯಲ್ಲಿ ಒಂದು ಕೋಷ್ಟಕ ಹಾಕುತ್ತದೆ. ಬೇರೆಬೇರೆ ದೇಶಗಳ ಹತ್ತು ಹನ್ನೆರಡು ವಿಮರ್ಶಕರು ಸ್ಪರ್ಧೆಯ ಪ್ರತಿ ಸಿನಿಮಾಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ, ಕೊನೆಯಲ್ಲಿ ಸರಾಸರಿ. ಫ್ರೆಂಚ್ ವಿಮರ್ಶಕರಿಗಾಗಿ ‘ಲ ಫಿಲ್ಮ್ ಫ್ರಾನ್ಸೆ’ಯ ಕೋಷ್ಟಕ ಬೇರೆಯೇ ಇದೆ, ಎರಡೂ ಹೊಂದದಿರುವುದು ಮಾಮೂಲು.

ಹನ್ನೆರಡು ಜನರಿದ್ದಾರೆ ಎಂದುಕೊಳ್ಳಿ. ಒಬ್ಬ ಮನಸ್ಸು ಬದಲಿಸಿ 3ರ ಬದಲು 4 ಕೊಟ್ಟರೆ ಸರಾಸರಿ 0.08 ಏರುತ್ತದೆ. ಅಂದರೆ 2.9ಕ್ಕೂ 3.0ಕ್ಕೂ ಇರುವ ಅಂತರ ಹೆಚ್ಚುಕಡಿಮೆ ಒಬ್ಬ ಮನುಷ್ಯನ ರಾತ್ರಿಯ ನಿದ್ದೆ. ‘ಈ ಸಿನಿಮಾ ಆ ಸಿನಿಮಾವನ್ನು ಹಿಂದಿಕ್ಕಿತು’ ಎಂಬ ಶೀರ್ಷಿಕೆಗಳು ಬರುವುದು ಈ ಅಂತರದ ಮೇಲೆ. ಇನ್ನೂ ದೊಡ್ಡ ತೊಂದರೆ ಸರಾಸರಿಯಲ್ಲೇ ಇದೆ. ಹತ್ತು ಜನರಲ್ಲಿ ಐವರು 3, ಐವರು 2 ಕೊಟ್ಟರೆ 2.5. ಐವರು 4, ಐವರು 1 ಕೊಟ್ಟರೂ 2.5. ಮೊದಲನೆಯದು ಯಾರನ್ನೂ ಕಾಡದ, ಯಾರಿಗೂ ಬೇಸರ ತರದ ಚಿತ್ರ. ಎರಡನೆಯದರಲ್ಲಿ ಎತ್ತು ಏರಿಗೆ ಎಳೆದಿದೆ, ಕೋಣ ನೀರಿಗೆ ಎಳೆದಿದೆ. ನೋಡಬೇಕಾದ್ದು ಯಾವುದು ಎಂದು ಕೇಳಿದರೆ ಕಣ್ಣುಮುಚ್ಚಿ ಎರಡನೆಯದೇ. ಹಾಗಾಗಿ ಕೋಷ್ಟಕ ಸಿಕ್ಕಾಗ ಕೊನೆಯ ಸಾಲಿನ ಸರಾಸರಿ ಬಿಟ್ಟು ಅಡ್ಡಸಾಲು ನೋಡಬೇಕು: ಎಷ್ಟು 4, ಎಷ್ಟು ಸೊನ್ನೆ. ಆಮೇಲೆ ಉದ್ದಸಾಲು: ಈ ವಿಮರ್ಶಕ ಉಳಿದ ಸಿನಿಮಾಗಳಿಗೆ ಏನು ಕೊಟ್ಟಿದ್ದಾನೆ. ಎಲ್ಲಕ್ಕೂ 3 ಕೊಡುವವನ 3ಕ್ಕೆ ಅರ್ಥವಿಲ್ಲ. ನಾಲ್ಕೈದು ವರ್ಷ ಒಂದೇ ಹೆಸರನ್ನು ಹಿಂಬಾಲಿಸಿದರೆ, ಅವರಿಗೆ ಹಿಡಿಸದ್ದು ನಮಗೆ ಹಿಡಿಸುತ್ತದೆ ಎಂದು ತಿಳಿಯುವುದೂ ದೊಡ್ಡ ಉಪಕಾರವೇ.

‘ಟೋನಿ ಎರ್ಡ್‌ಮನ್’ ಆ ಕೋಷ್ಟಕದಲ್ಲಿ 3.7 ಪಡೆದು ಆಗಿನ ದಾಖಲೆ ಮಾಡಿತು. 2018ರಲ್ಲಿ ಲೀ ಚಾಂಗ್ ಡಾಂಗ್ ಅವರ ‘ಬರ್ನಿಂಗ್’ 3.8ಕ್ಕೆ ಹೋಯಿತು. ಮುಖ್ಯ ತೀರ್ಪುಗಾರರು ಎರಡಕ್ಕೂ ಏನೂ ಕೊಡಲಿಲ್ಲ. ಎರಡಕ್ಕೂ ಸಿಕ್ಕಿದ್ದು ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟ ಫಿಪ್ರೆಸಿಯ ಪ್ರಶಸ್ತಿ. ಪ್ರತಿ ವರ್ಷ ಇದನ್ನು ‘ಅನ್ಯಾಯ’ ಎಂದು ಬರೆಯುವವರಿದ್ದಾರೆ. ಅನ್ಯಾಯಕ್ಕಿಂತ ಇದು ವ್ಯವಸ್ಥೆಯ ಫಲ. ತೀರ್ಪುಗಾರರು ಸಾಮಾನ್ಯವಾಗಿ ಒಂಬತ್ತು ಜನ, ಬಹುತೇಕ ನಿರ್ದೇಶಕರು ಮತ್ತು ನಟನಟಿಯರು. ಅವರು ಅಂಕ ಕೊಟ್ಟು ಕೂಡುವುದಿಲ್ಲ, ಒಂದು ಕೋಣೆಯಲ್ಲಿ ಕೂತು ವಾದ ಮಾಡುತ್ತಾರೆ. ಜೊತೆಗೆ ಪ್ರಶಸ್ತಿಗಳನ್ನು ಹಂಚಬೇಕೆಂಬ ನಿಯಮದ ಕಟ್ಟು. 1991ರಲ್ಲಿ ‘ಬಾರ್ಟನ್ ಫಿಂಕ್’ ಪಾಮ್ ದೋರ್, ನಿರ್ದೇಶನ, ನಟ ಮೂರನ್ನೂ ಬಾಚಿಕೊಂಡ ಮೇಲೆ ಒಂದೇ ಸಿನಿಮಾಕ್ಕೆ ಬಹುಮಾನ ಸುರಿಯುವುದಕ್ಕೆ ಕಡಿವಾಣ ಬಿತ್ತು. ಎಲ್ಲರೂ ‘ಎರಡನೆಯ ಸ್ಥಾನ’ ಕೊಡಲು ಒಪ್ಪುವ ಚಿತ್ರ ಗೆದ್ದುಬಿಡುವುದು, ಅರ್ಧ ಜನ ಪ್ರಾಣಬಿಡುವ ಚಿತ್ರ ಬರಿಗೈಲಿ ಹೋಗುವುದು ಇಂಥ ಕೋಣೆಯಲ್ಲಿ ಆಗುವಂಥದ್ದೇ. ಕೋಷ್ಟಕದಿಂದ ಪ್ರಶಸ್ತಿ ಊಹಿಸುವವರು ಎರಡು ಬೇರೆ ಆಟಗಳ ಸ್ಕೋರು ಕೂಡಿಸುತ್ತಿದ್ದಾರೆ.

ಯಾವ ದಿನ ತೋರಿಸಿದರು ಎಂಬುದನ್ನೂ ಗಮನಿಸಿ. ಮೊದಲ ವಾರ ಊರು ತುಂಬಿರುತ್ತದೆ. ಸಿನಿಮಾ ಮಾರುಕಟ್ಟೆ ಮುಗಿಯುತ್ತಿದ್ದಂತೆ ಜನ ಖಾಲಿ, ಸಣ್ಣ ಪತ್ರಿಕೆಗಳವರು ಹೋಟೆಲ್ ದರ ತಾಳಲಾರದೆ ಹೊರಟಿರುತ್ತಾರೆ. ಕಪಾಡಿಯಾ ಅವರ ಸಿನಿಮಾ ತೋರಿಸಿದ್ದು 2024ರ ಮೇ 23ರಂದು, ಉತ್ಸವ ಮುಗಿದದ್ದು 25ಕ್ಕೆ. ಶಾಜಿ ಕರುಣ್ ಅವರ ‘ಸ್ವಹಂ’ (1994) ಆದ ಮೂವತ್ತು ವರ್ಷಕ್ಕೆ ಸ್ಪರ್ಧೆಗೆ ಬಂದ ಭಾರತದ ಚಿತ್ರ ಅದು. ಕೊನೆಗೆ ಗ್ರಾಂ ಪ್ರಿ, ಅಂದರೆ ಪಾಮ್ ದೋರ್ ನಂತರದ ಬಹುಮಾನ, ಅದರದಾಯಿತು. 1956ರಲ್ಲಿ ‘ಪಥೇರ್ ಪಾಂಚಾಲಿ’ಯ ಮೊದಲ ಪ್ರದರ್ಶನಕ್ಕೆ ಬಂದವರು ಬೆರಳೆಣಿಕೆ. ನೋಡಿದ ಕೆಲವು ವಿಮರ್ಶಕರು ಹಠಹಿಡಿದು ಇನ್ನೊಂದು ಪ್ರದರ್ಶನ ಮಾಡಿಸದಿದ್ದರೆ ‘ಅತ್ಯುತ್ತಮ ಮಾನವೀಯ ದಾಖಲೆ’ ಎಂಬ ಬಹುಮಾನದ ಮಾತೇ ಇರುತ್ತಿರಲಿಲ್ಲ. ವಿಮರ್ಶಕರು ಕಾನ್‌ನಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅಂಕ ಕೊಟ್ಟದ್ದಕ್ಕಿಂತ ಇದು ದೊಡ್ಡದು.

ಅವರು ನೋಡಿದ ಸಿನಿಮಾವೇ ನಮಗೆ ಬರುತ್ತದೆ ಎಂಬ ಖಾತ್ರಿಯೂ ಇಲ್ಲ. 1979ರಲ್ಲಿ ‘ಅಪೋಕ್ಯಾಲಿಪ್ಸ್ ನೌ’ ಪೂರ್ತಿಯಾಗದ ರೂಪದಲ್ಲೇ ಬಂದು ಪಾಮ್ ದೋರ್ ಹಂಚಿಕೊಂಡಿತು. 2004ರಲ್ಲಿ ವಾಂಗ್ ಕಾರ್ ವಾಯ್ ಅವರ ‘2046’ರ ಪ್ರಿಂಟ್ ಎಷ್ಟು ತಡವಾಗಿ ತಲುಪಿತೆಂದರೆ ವೇಳಾಪಟ್ಟಿಯನ್ನೇ ಬದಲಿಸಬೇಕಾಯಿತು, ಬಿಡುಗಡೆಗೆ ಮುಂಚೆ ಅವರು ಮತ್ತೆ ಸಂಕಲನ ಮಾಡಿದರು. 2003ರಲ್ಲಿ ವಿನ್ಸೆಂಟ್ ಗ್ಯಾಲೊ ಅವರ ‘ದ ಬ್ರೌನ್ ಬನ್ನಿ’ಯನ್ನು ಕಾನ್ ಇತಿಹಾಸದಲ್ಲೇ ಅತಿ ಕೆಟ್ಟದ್ದೆಂದು ಜರಿದ ರೋಜರ್ ಎಬರ್ಟ್, ಇಪ್ಪತ್ತೈದು ನಿಮಿಷದಷ್ಟು ಕತ್ತರಿಸಿದ ಆವೃತ್ತಿ ನೋಡಿ ಮೆಚ್ಚಿ ಬರೆದರು. ಎರಡೂ ವಿಮರ್ಶೆ ಸರಿಯೇ, ಸಿನಿಮಾ ಬೇರೆ. ಮೇ ತಿಂಗಳ ವಿಮರ್ಶೆ ಓದುವಾಗ ಅದರಲ್ಲಿ ನಮೂದಿಸಿದ ಅವಧಿಯನ್ನೂ ಬಿಡುಗಡೆಯಾದ ಚಿತ್ರದ ಅವಧಿಯನ್ನೂ ಹೋಲಿಸಿ ನೋಡುವುದು ಅರ್ಧ ನಿಮಿಷದ ಕೆಲಸ.

ನಮ್ಮ ಕಡೆಯ ಸುದ್ದಿಗಳಿಗೆ ಮಾತ್ರ ಇನ್ನೊಂದು ಜರಡಿ ಬೇಕು. ‘ಕಾನ್‌ನಲ್ಲಿ ನಮ್ಮ ಸಿನಿಮಾ’ ಎಂದು ಪ್ರತಿ ಮೇ ತಿಂಗಳು ಬರುವ ಸುದ್ದಿಗಳಲ್ಲಿ ಬಹಳಷ್ಟು ಆಯ್ಕೆಯಾದ ಚಿತ್ರಗಳದ್ದಲ್ಲ. 1959ರಿಂದ ಉತ್ಸವದ ಜೊತೆಗೇ ನಡೆಯುವ ಮಾರ್ಶೆ ದು ಫಿಲ್ಮ್ ಎಂಬ ಮಾರುಕಟ್ಟೆಯಲ್ಲಿ ನೋಂದಾಯಿಸಿಕೊಂಡವರು ಹಣ ಕಟ್ಟಿ ಕೊಠಡಿ ಹಿಡಿದು ಸಿನಿಮಾ ತೋರಿಸಬಹುದು. ವ್ಯಾಪಾರಕ್ಕೆ ಅದು ಸರಿಯಾದ ಜಾಗವೇ, ಆದರೆ ಅಲ್ಲಿ ಆಯ್ಕೆ ಸಮಿತಿಯಿಲ್ಲ, ವಿಮರ್ಶಕರು ಬರುವುದೂ ಅಪರೂಪ. ‘ಕಾನ್‌ನಲ್ಲಿ ಮೆಚ್ಚುಗೆ’ ಎಂದಿದ್ದರೆ ಯಾವ ವಿಭಾಗ ಎಂದು ಕೇಳಿ. ಸ್ಪರ್ಧೆ, ಅನ್ ಸರ್ಟೈನ್ ರಿಗಾರ್, ಕಾನ್ ಪ್ರೀಮಿಯರ್, ಕ್ಲಾಸಿಕ್ಸ್, ಚಿತ್ರಶಾಲೆಗಳ ವಿದ್ಯಾರ್ಥಿಗಳ ಚಿತ್ರಗಳಿಗಿರುವ ಲಾ ಸಿನೆಫ್ ಇವು ಅಧಿಕೃತ ಆಯ್ಕೆಯೊಳಗಿನವು. 1962ರಿಂದ ಇರುವ ಕ್ರಿಟಿಕ್ಸ್ ವೀಕ್, 1969ರಲ್ಲಿ ಶುರುವಾದ ಡೈರೆಕ್ಟರ್ಸ್ ಫೋರ್ಟ್‌ನೈಟ್, ಆಸಿಡ್ ಇವು ಬೇರೆ ಸಂಸ್ಥೆಗಳು ನಡೆಸುವ ಸಮಾನಾಂತರ ವಿಭಾಗಗಳು, ತೂಕವುಳ್ಳವೇ. ಸುದ್ದಿಯಲ್ಲಿ ಇವ್ಯಾವುದರ ಹೆಸರೂ ಇಲ್ಲದಿದ್ದರೆ ಮಿಕ್ಕದ್ದನ್ನು ನೀವೇ ಊಹಿಸಿ.

ಕನ್ನಡಕ್ಕೆ ಸಂದ ನಿಜವಾದ ಗೆಲುವೊಂದು ಈ ಗದ್ದಲದಲ್ಲೇ ಅರೆಬರೆಯಾಗಿ ಕೇಳಿಸಿತು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದುವಾಗ ಮಾಡಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದು ಬೆಳಗೇ ಆಗದಂತಾಗುವ ಜನಪದ ಕಥೆ, ಹದಿನಾರು ನಿಮಿಷ, ಕನ್ನಡ. 555 ಚಿತ್ರಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ನಮ್ಮಲ್ಲಿ ಇದರ ಬಗ್ಗೆ ಬಂದದ್ದೆಲ್ಲ ಬಹುಮಾನದ ಸುದ್ದಿ. ರಾತ್ರಿಯ ಚಿತ್ರೀಕರಣ ಹೇಗಿದೆ, ಕಥೆ ಏನು ಮಾಡುತ್ತದೆ ಎಂಬ ಬರಹ ಹುಡುಕಿದರೆ ಸಿಗುವುದು ಕಷ್ಟ. ಅದಕ್ಕೆ ಕಾರಣ ನಿರ್ಲಕ್ಷ್ಯವಲ್ಲ. ವಿದ್ಯಾರ್ಥಿಗಳ ಕಿರುಚಿತ್ರಗಳನ್ನು ಗುಂಪಾಗಿ ತೋರಿಸುವ ಹೊತ್ತಿಗೆ ವಿಮರ್ಶಕರು ಸ್ಪರ್ಧೆಯ ಸಾಲಿನಲ್ಲಿರುತ್ತಾರೆ, ಯಾವ ಕೋಷ್ಟಕದಲ್ಲೂ ಅವುಗಳಿಗೆ ಸಾಲಿಲ್ಲ. ಕಾನ್‌ನಿಂದ ವಿಮರ್ಶೆ ಬಾರದಿರುವುದು ಚಿತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೇ ತಿಂಗಳ ಓದು ನಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ನವೆಂಬರಿನ ಗೋವಾ, ಡಿಸೆಂಬರಿನ ತಿರುವನಂತಪುರ, ಆಮೇಲೆ ಬೆಂಗಳೂರು ಚಿತ್ರೋತ್ಸವದ ಪಟ್ಟಿ ಕೈಗೆ ಬಂದಾಗ. ಪಾಮ್ ದೋರ್ ಚಿತ್ರಕ್ಕೆ ಸಾಲು ಉದ್ದವಿರುತ್ತದೆ, ಅದು ಹೇಗೂ ಒಟಿಟಿಗೋ ಚಿತ್ರಮಂದಿರಕ್ಕೋ ಬಂದೇ ಬರುತ್ತದೆ. ಆ ಹೊತ್ತಿಗೆ ಬೇರೆ ಸಿನಿಮಾ ನೋಡಿ. ಪಟ್ಟಿ ಮಾಡುವಾಗ ಮೊದಲು ಗುರುತು ಹಾಕಬೇಕಾದ್ದು ಕೋಷ್ಟಕದಲ್ಲಿ 4 ಮತ್ತು 1 ಎರಡನ್ನೂ ಪಡೆದವು. ಆಮೇಲೆ ಅನ್ ಸರ್ಟೈನ್ ರಿಗಾರ್ ಮತ್ತು ಸಮಾನಾಂತರ ವಿಭಾಗಗಳಿಂದ ಫಿಪ್ರೆಸಿ ಆರಿಸಿದವು. ಇವುಗಳಿಗೆ ವಿತರಕರು ಸಿಗುವುದು ಕಷ್ಟ, ಬೆಂಗಳೂರಿನಲ್ಲಿ ತಪ್ಪಿಸಿಕೊಂಡರೆ ಮತ್ತೆ ಸಿಗದೆಯೂ ಹೋಗಬಹುದು. ಕೊನೆಯ ಎರಡು ಮೂರು ದಿನ ತೋರಿಸಿದ, ಎರಡೇ ಪ್ಯಾರಾದ ವಿಮರ್ಶೆ ಪಡೆದ ಒಂದೆರಡು ಹೆಸರುಗಳೂ ಅದರಲ್ಲಿರಲಿ.